ಕಂಬದ ಮೇಲಿನ ಕಣ್ಣು ಯಾರ ಸೊತ್ತು?

ಕೆಂಗೇರಿ 2007ರವರೆಗೆ ತನ್ನದೇ ಪುರಸಭೆಯಿದ್ದ ಊರು. ಆ ವರ್ಷ ಏಳು ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ, ಅದರೊಳಗೆ ಸೇರಿಹೋದ ಏಕೈಕ ಪುರಸಭೆ ಇದು. 2021ರ ಆಗಸ್ಟ್‌ನಲ್ಲಿ ಇಲ್ಲಿಗೆ ಮೆಟ್ರೊ ಬಂತು. 2023ರ ಅಕ್ಟೋಬರ್‌ನಲ್ಲಿ ಅದು ಚಲ್ಲಘಟ್ಟಕ್ಕೂ ಹೋಯಿತು. ಈ ಎರಡು ಘಟ್ಟಗಳ ನಡುವೆ ಊರಿನ ಸ್ವಭಾವವೇ ಬದಲಾಗಿದೆ. ಒಂದು ಕಾಲಕ್ಕೆ ಅಪರಿಚಿತ ಹುಡುಗನೊಬ್ಬ ಬೀದಿಯಲ್ಲಿ ನಿಂತರೆ ‘ಯಾರ ಮಗನಪ್ಪಾ ನೀನು’ ಎಂದು ಕೇಳುವ ಹಿರಿಯರು ಜಗುಲಿಯ ಮೇಲಿರುತ್ತಿದ್ದರು. ಈಗ ಜಗುಲಿಯೂ ಇಲ್ಲ, ಕೇಳುವ ಧೈರ್ಯವೂ ಇಲ್ಲ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯುತ್ತಲೇ ಪಕ್ಕದ ಮನೆಯವರು ಬದಲಾಗುವ ಬಡಾವಣೆಯಲ್ಲಿ ಎಲ್ಲರೂ ಎಲ್ಲರಿಗೂ ಅಪರಿಚಿತರೇ.

ಜಗುಲಿಯ ಹಿರಿಯರ ಆ ಕೆಲಸವನ್ನು ಈಗ ಕ್ಯಾಮೆರಾಕ್ಕೆ ವಹಿಸಲಾಗಿದೆ. ಉಪನಗರದ ಬ್ಲಾಕುಗಳಲ್ಲಿ, ಸುತ್ತಲ ಹೊಸ ಬಡಾವಣೆಗಳಲ್ಲಿ ನಿವಾಸಿಗಳ ಸಂಘಗಳು ಮನೆಗಿಷ್ಟು ಎಂದು ಚಂದಾ ಎತ್ತಿ ಅಡ್ಡರಸ್ತೆಯ ತಿರುವುಗಳಲ್ಲಿ ಸಿಸಿಟಿವಿ ಅಳವಡಿಸುವುದು ಸಾಮಾನ್ಯ ಸಂಗತಿಯಾಗಿದೆ. ಪೊಲೀಸರೂ ಇದನ್ನು ಪ್ರೋತ್ಸಾಹಿಸುತ್ತಾರೆ. ಖಾಸಗಿ ಕ್ಯಾಮೆರಾಗಳು ಎಲ್ಲೆಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಟ್ಟುಕೊಳ್ಳುತ್ತಾರೆ. ಸರಗಳ್ಳತನ, ಬೀಗ ಹಾಕಿದ ಮನೆಗೆ ಕನ್ನ, ರಾತ್ರೋರಾತ್ರಿ ಕಾಣೆಯಾಗುವ ದ್ವಿಚಕ್ರ ವಾಹನ ಇವೆಲ್ಲ ಕಲ್ಪಿತ ಭಯಗಳಲ್ಲ. ಬೆಳಗಿನ ವಾಯುವಿಹಾರಕ್ಕೆ ಹೊರಡುವಾಗ ಮಾಂಗಲ್ಯದ ಸರವನ್ನು ಸೆರಗಿನೊಳಗೆ ಮುಚ್ಚಿಕೊಳ್ಳುವ ಗೃಹಿಣಿಗೆ ಖಾಸಗಿತನದ ಉಪನ್ಯಾಸ ಮಾಡುವುದು ಸುಲಭವೂ ಅಲ್ಲ, ಸಭ್ಯವೂ ಅಲ್ಲ.

ಆದುದರಿಂದ ಕ್ಯಾಮೆರಾ ಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅದು ಮುಗಿದ ಚರ್ಚೆ. ಕ್ಯಾಮೆರಾ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಮತ್ತು ಅದು ಹಗಲಿರುಳೂ ಕೂಡಿಡುವ ದೃಶ್ಯ ಯಾರ ಸೊತ್ತು ಎಂಬುದನ್ನು ಮಾತ್ರ ಇಲ್ಲಿ ಕೇಳಬೇಕಾಗಿದೆ.

2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಒಳಗೆ ಬ್ಯಾಂಕ್ ಉದ್ಯೋಗಿ ಮಹಿಳೆಯೊಬ್ಬರ ಮೇಲೆ ನಡೆದ ಮಚ್ಚಿನ ಹಲ್ಲೆಯನ್ನು ಈ ನಗರ ಮರೆತಿಲ್ಲ. ಮರೆಯದಿರಲು ಕಾರಣ ಕ್ಯಾಮೆರಾವೇ. ಹಲ್ಲೆಕೋರ ಒಳಗೆ ಬಂದದ್ದು, ಷಟರ್ ಎಳೆದದ್ದು, ಬೀಸಿದ್ದು ಎಲ್ಲವೂ ದಾಖಲಾಗಿತ್ತು. ಅವನ ಮುಖ ಇಡೀ ದೇಶದ ಟಿವಿ ಪರದೆಗಳ ಮೇಲೆ ಬಂತು. ಆದರೂ ಅವನು ಆಂಧ್ರಪ್ರದೇಶದ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ, ಮೂರು ವರ್ಷಕ್ಕೂ ಹೆಚ್ಚು ಕಾಲದ ನಂತರ. ನ್ಯಾಯಾಲಯ ಅವನಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿದ್ದು 2021ರಲ್ಲಿ. ಕ್ಯಾಮೆರಾ ಹಲ್ಲೆಯನ್ನು ತಡೆಯಲಿಲ್ಲ, ಹಲ್ಲೆಕೋರನನ್ನು ಬೇಗ ಹಿಡಿದುಕೊಡಲೂ ಇಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ನಗರದಲ್ಲೇ ಇದೆ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಸಂಭವಿಸಿದಾಗ, ಟೋಪಿ, ಮಾಸ್ಕ್ ಧರಿಸಿ ಬಂದಿದ್ದ ಶಂಕಿತನ ಜಾಡನ್ನು ತನಿಖೆಗಾರರು ಕೆಫೆಯ ಕ್ಯಾಮೆರಾದಿಂದ ಸಿಟಿ ಬಸ್ಸಿನ ಕ್ಯಾಮೆರಾಕ್ಕೆ, ಅಲ್ಲಿಂದ ಮುಂದಕ್ಕೆ ಹಿಡಿಯುತ್ತಾ ಹೋದರು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಬಂಧನಗಳಾದವು. ಇಲ್ಲಿ ಕ್ಯಾಮೆರಾಗಳ ಹಿಂದೆ ಸಾವಿರಾರು ಗಂಟೆಗಳ ದೃಶ್ಯವನ್ನು ಕುಳಿತು ನೋಡಿದ ಪೊಲೀಸರಿದ್ದರು, ರಾಷ್ಟ್ರೀಯ ತನಿಖಾ ಸಂಸ್ಥೆಯಿತ್ತು. ಸ್ಕೂಟರ್ ಕಳೆದುಕೊಂಡ ಕೆಂಗೇರಿಯ ನಿವಾಸಿಗೆ ಅಷ್ಟು ಜನ ಸಿಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪರಾಧಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬಹಳ ಹಿಂದಿನಿಂದ ಅಳೆಯುತ್ತಾ ಬಂದಿದ್ದಾರೆ. ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರ ಪ್ರಕಾರ ಕ್ಯಾಮೆರಾ ಇದ್ದೆಡೆ ಅಪರಾಧ ಸರಾಸರಿ ಶೇ 13ರಷ್ಟು ಕಡಿಮೆಯಾಗುತ್ತದೆ. ಹೆಚ್ಚಿನ ಲಾಭ ವಾಹನ ನಿಲುಗಡೆಯ ತಾಣಗಳಲ್ಲಿ. ವಸತಿ ಪ್ರದೇಶಗಳಲ್ಲೂ ಸ್ವಲ್ಪ ಪ್ರಯೋಜನವಿದೆ. ಹಿಂಸಾತ್ಮಕ ಅಪರಾಧಗಳ ಮೇಲೆ ಗಣನೀಯ ಪರಿಣಾಮವಿಲ್ಲ. ಪರದೆಯ ಮುಂದೆ ಕುಳಿತು ನಿಜಕ್ಕೂ ನೋಡುವವರಿದ್ದಾಗ ಫಲ ಹೆಚ್ಚು ಎಂಬುದನ್ನೂ ಆ ಪರಾಮರ್ಶೆ ಕಂಡುಕೊಂಡಿದೆ. ಇದೇ ತಜ್ಞರಲ್ಲಿ ಇಬ್ಬರು 2008ರಲ್ಲಿ ಬೀದಿದೀಪಗಳ ಕುರಿತು ಇಂಥದೇ ಲೆಕ್ಕ ಹಾಕಿದ್ದರು. ಬ್ರಿಟನ್ ಮತ್ತು ಅಮೆರಿಕದ ಅಧ್ಯಯನಗಳಲ್ಲಿ ಉತ್ತಮ ಬೆಳಕು ಅಪರಾಧವನ್ನು ಶೇ 21ರಷ್ಟು ತಗ್ಗಿಸಿತ್ತು. ಎರಡು ಅಂಕಿಗಳನ್ನು ನೇರವಾಗಿ ತೂಗಿ ನೋಡುವುದು ಸರಿಯಲ್ಲ, ಊರುಗಳು ಬೇರೆ, ವಿಧಾನಗಳು ಬೇರೆ. ಆದರೂ ಬೀದಿದೀಪ ಕೆಟ್ಟು ತಿಂಗಳಾದರೂ ದೂರು ಕೊಡದ ಬೀದಿ ಕ್ಯಾಮೆರಾಕ್ಕೆ ಚಂದಾ ಎತ್ತುವುದನ್ನು ಕಂಡಾಗ ನನಗೆ ಆ ಶೇ 21 ನೆನಪಾಗುತ್ತದೆ. ದೀಪ ಯಾರ ಚಿತ್ರವನ್ನೂ ತೆಗೆದಿಟ್ಟುಕೊಳ್ಳುವುದಿಲ್ಲ ಎಂಬುದು ಅದರ ಇನ್ನೊಂದು ಗುಣ.

ಕ್ಯಾಮೆರಾದ ನಿಜವಾದ ಉಪಯೋಗವಿರುವುದು ಅಪರಾಧವಾದ ನಂತರ, ಸಾಕ್ಷ್ಯವಾಗಿ. ನಮ್ಮ ಸಂಘಗಳು ಎಡವುವುದೂ ಇಲ್ಲಿಯೇ. ರಾತ್ರಿ ವೇಳೆ ಕ್ಯಾಮೆರಾದ ಅತಿಗೆಂಪು ಬೆಳಕು ವಾಹನದ ನಂಬರ್ ಪ್ಲೇಟಿಗೆ ಬಡಿದು ಅಕ್ಷರಗಳೆಲ್ಲ ಬೆಳ್ಳಗಾಗಿಬಿಡುತ್ತವೆ. ಇಡೀ ರಸ್ತೆ ಕಾಣಲಿ ಎಂಬ ಆಸೆಯಿಂದ ಹಾಕಿಸಿದ ಅಗಲ ನೋಟದ ಲೆನ್ಸಿನಲ್ಲಿ ಸವಾರ ಕಾಣುತ್ತಾನೆ, ಮುಖ ಕಾಣುವುದಿಲ್ಲ. ಸರಗಳ್ಳರು ಹೆಲ್ಮೆಟ್ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ ಎಂಬುದು ಬೇರೆ ಮಾತು! ಹಾರ್ಡ್ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನದ ಮೇಲೆ ಬಂದು ಬೀಗ ಒಡೆದದ್ದನ್ನು ಕಂಡವರಿಗೆ ಬೇಕಾದ ರಾತ್ರಿಯೇ ಅಳಿಸಿಹೋಗಿರಬಹುದು. ಉಪಕರಣದ ಗಡಿಯಾರ ನಿಧಾನವಾಗಿ ಹಿಂದೆ ಬಿದ್ದಿರುತ್ತದೆ, ಅದನ್ನು ಸರಿಪಡಿಸುವ ಹೊಣೆ ಯಾರದ್ದೂ ಅಲ್ಲ. ಕಳ್ಳ ಬಂದದ್ದು ಎರಡು ಗಂಟೆಗೋ ಎರಡೂವರೆಗೋ ಎಂಬ ಗೊಂದಲವೇ ಪ್ರತಿವಾದಿ ವಕೀಲರಿಗೆ ಸಾಕು.

ಕಾನೂನು ಇದನ್ನು ಲಘುವಾಗಿ ನೋಡುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಡಿ ಪ್ರಮಾಣಪತ್ರವಿಲ್ಲದ ಎಲೆಕ್ಟ್ರಾನಿಕ್ ಪ್ರತಿಯನ್ನು ಒಪ್ಪಲಾಗದು, ಮೂಲ ಉಪಕರಣವನ್ನೇ ಹಾಜರುಪಡಿಸಿದರೆ ಮಾತ್ರ ಅದರ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇನ್ನೂ ಬಿಗಿಯಾಗಿದೆ. ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಷ್ ಮೌಲ್ಯವನ್ನೂ ನಮೂದಿಸಬೇಕು. ಕಡತದ ಒಂದು ಬಿಂದು ಬದಲಾದರೂ ಬೇರೆಯಾಗಿಬಿಡುವ ಸಂಖ್ಯೆ ಅದು, ಬೆರಳಚ್ಚಿನಂತೆ. ಪರದೆಗೆ ಮೊಬೈಲ್ ಹಿಡಿದು ಚಿತ್ರೀಕರಿಸಿ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ತುಣುಕಿನ ಬೆರಳಚ್ಚು ಮೂಲದ್ದಲ್ಲ. ಅದು ಕಳ್ಳನನ್ನು ಎಚ್ಚರಿಸಬಹುದು. ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ವಾಟ್ಸ್‌ಆ್ಯಪ್ ಗುಂಪಿನ ವಿಷಯವನ್ನು ಇಷ್ಟಕ್ಕೇ ಬಿಡುವಂತಿಲ್ಲ. 2018ರ ಮೇ ತಿಂಗಳಲ್ಲಿ, ಇಲ್ಲಿಂದ ಮೈಸೂರು ರಸ್ತೆಯಲ್ಲೇ ಹೋದರೆ ಸಿಗುವ ಚಾಮರಾಜಪೇಟೆಯ ಪೆನ್ಷನ್ ಮೊಹಲ್ಲಾದಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನ ಬಡಿದು ಕೊಂದರು. ಆ ದಿನಗಳಲ್ಲಿ ಕರ್ನಾಟಕದ ಮೊಬೈಲುಗಳಲ್ಲಿ ಓಡಾಡುತ್ತಿದ್ದ ವಿಡಿಯೊಗಳಲ್ಲಿ ಒಂದು, ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ನೋಡುವವರಿಗೆ ಅದು ಯಾವುದೋ ಬೀದಿಯ ಸಿಸಿಟಿವಿಯಂತೆಯೇ ಕಾಣುತ್ತಿತ್ತು. ವಾಸ್ತವದಲ್ಲಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತಂತ್ರಜ್ಞರೊಬ್ಬರು ಇದೇ ಬಗೆಯ ವದಂತಿಗೆ ಬಲಿಯಾದರು. ಮೇಲಿನಿಂದ ಕೆಳಕ್ಕೆ ನೋಡುವ, ಮಸುಕಾದ, ಮೂಲೆಯಲ್ಲಿ ಸಮಯ ಓಡುವ ಚಿತ್ರವನ್ನು ನಮ್ಮ ಜನ ಪ್ರಶ್ನಿಸದೆ ನಂಬುತ್ತಾರೆ. ‘ಈ ವ್ಯಕ್ತಿ ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದಾನೆ, ಎಚ್ಚರ’ ಎಂಬ ಒಕ್ಕಣೆಯೊಂದಿಗೆ ಅಡ್ಡರಸ್ತೆಯ ಗುಂಪಿಗೆ ಬಂದು ಬೀಳುವ ಚಿತ್ರದಲ್ಲಿರುವವನು ಬಹುತೇಕ ವಿಳಾಸ ಸಿಗದ ಕೊರಿಯರ್ ಹುಡುಗನಾಗಿರುತ್ತಾನೆ.

ನಾನು ಹೋಗಿಬರುವ ನಿವಾಸಿಗಳ ಸಭೆಗಳಲ್ಲಿ ಕ್ಯಾಮೆರಾದ ಚರ್ಚೆ ಬಂದಾಗಲೆಲ್ಲ ಮಾತನಾಡುವವರು ಮನೆಯ ಮಾಲೀಕರು. ಬಾಡಿಗೆದಾರರು ಸುಮ್ಮನಿರುತ್ತಾರೆ. ಮನೆಗೆಲಸದವರು, ಹೂವು ಮಾರುವವರು, ಇಸ್ತ್ರಿ ಗಾಡಿಯವರು ಆ ಸಭೆಯಲ್ಲಿ ಇರುವುದೇ ಇಲ್ಲ. ಬೀದಿಯಲ್ಲಿ ಅತಿ ಹೆಚ್ಚು ಹೊತ್ತು ಕ್ಯಾಮೆರಾದ ಎದುರಿಗಿರುವವರು ಅವರೇ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬರನ್ನು ಈ ಬಗ್ಗೆ ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟೇ: ‘ಅದು ನಾವು ಎಷ್ಟೊತ್ತಿಗೆ ಬರ್ತೀವಿ, ಚೀಲದಲ್ಲಿ ಏನ್ ತಗೊಂಡ್ಹೋಗ್ತೀವಿ ಅಂತ ನೋಡೋಕೆ ಇಟ್ಟಿರೋದಲ್ವಾ ಸಾರ್?’ ಕಾಲ್ ಸೆಂಟರಿನ ಕ್ಯಾಬಿನಿಂದ ನಡುರಾತ್ರಿ ಇಳಿಯುವ ಹುಡುಗಿಯ ವೇಳಾಪಟ್ಟಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಯಾರ ಮನೆಗೆ ಯಾರು ಎಷ್ಟು ಬಾರಿ ಬಂದರು, ಇವೆಲ್ಲ ಒಂದು ತಿಂಗಳ ದೃಶ್ಯದಿಂದ ಯಾರು ಬೇಕಾದರೂ ಕಟ್ಟಬಹುದಾದ ಪಟ್ಟಿಗಳು. ಹಾಗೆ ಕಟ್ಟುವವನು ಕಳ್ಳನೇ ಆಗಿದ್ದರೆ?

ಇದು ಉತ್ಪ್ರೇಕ್ಷೆಯೆನಿಸಬಹುದು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ತಪಾಸಣಾ ಕೊಠಡಿಯ ಸಿಸಿಟಿವಿ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು. ಕ್ಯಾಮೆರಾ ಹಾಕಿದ್ದು ಸುರಕ್ಷತೆಗೆಂದೇ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡದ್ದು ಯಾವ ಮಹಾ ವಿದ್ಯೆಯಿಂದಲೂ ಅಲ್ಲ; ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೆ. ನಮ್ಮ ಬಡಾವಣೆಗಳಲ್ಲಿ ಕ್ಯಾಮೆರಾ ಅಳವಡಿಸಿದ ಹುಡುಗನೇ ಪಾಸ್‌ವರ್ಡ್ ಇಟ್ಟಿರುತ್ತಾನೆ. ಅವನು ಅಂಗಡಿ ಬಿಟ್ಟು ಹೋದ ಮೇಲೂ ಅವನ ಮೊಬೈಲಿನಲ್ಲಿ ನಮ್ಮ ಬೀದಿ ಕಾಣುತ್ತಿರಬಹುದು. ಮಾರುಕಟ್ಟೆಗೆ ಬರುವ ಸಿಸಿಟಿವಿ ಉಪಕರಣಗಳಿಗೆ ಸುರಕ್ಷತಾ ಪರೀಕ್ಷೆಯನ್ನು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿರುವುದು ಒಳ್ಳೆಯದೇ. ಆದರೆ ಈಗಾಗಲೇ ಕಂಬ ಏರಿ ಕುಳಿತಿರುವ ಹಳೆಯ ಕ್ಯಾಮೆರಾಗಳನ್ನು ಅದು ಕೆಳಗಿಳಿಸುವುದಿಲ್ಲ.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ನೀಡಿದ ತೀರ್ಪಿನ ಹಿಂದೆ ಇದ್ದದ್ದು ಬೆಂಗಳೂರಿನ ಹಿರಿಯ ಜೀವ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ, ಆ ತೀರ್ಪಿನ ಕೂಸೆನ್ನಬಹುದಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿತ್ತು. ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಬರಬೇಕಾಯಿತು. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಆ ನಿಯಮಗಳೇ 18 ತಿಂಗಳ ಅವಕಾಶ ಕೊಟ್ಟಿವೆ.

ಈ ಕಾಯ್ದೆಯಲ್ಲಿ ಬೀದಿಯ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ? ವ್ಯಕ್ತಿಯೊಬ್ಬ ಸ್ವಂತ ಅಥವಾ ಗೃಹಕೃತ್ಯದ ಉದ್ದೇಶಕ್ಕಾಗಿ ಸಂಗ್ರಹಿಸುವ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ತಾನು ಅಧಿಸೂಚಿಸುವ ಸರ್ಕಾರಿ ಸಂಸ್ಥೆಗಳಿಗೆ ರಾಷ್ಟ್ರದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳ ಮೇಲೆ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು. ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಸರ್ಕಾರ. ನಡುವೆ ಉಳಿಯುವುದು ನಮ್ಮ ನಿವಾಸಿಗಳ ಸಂಘ. ನೋಂದಣಿಯಾಗಿರಲಿ, ಆಗದಿರಲಿ, ಜನರ ಕೂಟವೂ ಕಾಯ್ದೆಯ ಕಣ್ಣಿನಲ್ಲಿ ‘ವ್ಯಕ್ತಿ’ಯೇ, ಅದು ಸಂಗ್ರಹಿಸಿದ ದತ್ತಾಂಶಕ್ಕೆ ಅದೇ ಹೊಣೆ. ಭದ್ರತಾ ಲೋಪಕ್ಕೆ ಗರಿಷ್ಠ ದಂಡ 250 ಕೋಟಿ ರೂಪಾಯಿ. ಅಡ್ಡರಸ್ತೆಯ ಸಂಘದ ಮೇಲೆ ಅಂಥ ದಂಡ ಬೀಳುತ್ತದೆಂದು ಯಾರೂ ಹೇಳರು. ಆದರೆ ‘ನಮಗೇನೂ ಸಂಬಂಧವಿಲ್ಲ’ ಎನ್ನುವ ಕಾಲ ಮುಗಿಯಿತು. ಬೀದಿಯಲ್ಲಿ ನಡೆದುಹೋಗುವವರ ಒಪ್ಪಿಗೆಯನ್ನು ಹೇಗೆ ಪಡೆಯಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ನೇರ ಉತ್ತರವಿಲ್ಲ ಎಂಬುದು ನಿಜ. ಅದನ್ನು ಬರೆದವರ ಮನಸ್ಸಿನಲ್ಲಿ ಆ್ಯಪ್ ಇತ್ತು, ಕಂಬ ಇರಲಿಲ್ಲವೆಂದು ತೋರುತ್ತದೆ.

ಇತರೆಡೆ ಈ ಗೆರೆಯನ್ನು ನ್ಯಾಯಾಲಯಗಳೇ ಎಳೆದಿವೆ. ಜೆಕ್ ದೇಶದಲ್ಲಿ ಮನೆಯ ಕಿಟಕಿ ಒಡೆಸಿಕೊಂಡಿದ್ದ ಗೃಹಸ್ಥರೊಬ್ಬರು ಕ್ಯಾಮೆರಾ ಹಾಕಿಸಿದರು, ಅದರಲ್ಲಿ ಶಂಕಿತರು ಸಿಕ್ಕಿಬಿದ್ದರು. ಶಂಕಿತರಲ್ಲೊಬ್ಬ ತಿರುಗಿ ಆ ಚಿತ್ರೀಕರಣವನ್ನೇ ಪ್ರಶ್ನಿಸಿದ. ಸಾರ್ವಜನಿಕ ರಸ್ತೆಯನ್ನು ನೋಡುವ ಕ್ಯಾಮೆರಾ ಕೇವಲ ಗೃಹಕೃತ್ಯದ ವಿಷಯವಲ್ಲ, ದತ್ತಾಂಶ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಯುರೋಪಿನ ಉಚ್ಚ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ಹೇಳಿತು. ಮನೆಯನ್ನು ಕಾಯುವ ನ್ಯಾಯಸಮ್ಮತ ಹಿತಾಸಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದೂ ಸೇರಿಸಿತು. ನಮ್ಮಲ್ಲಿ, ಒಂದೇ ಮನೆಯಲ್ಲಿ ವಾಸವಿದ್ದ ಸಹೋದರರ ವ್ಯಾಜ್ಯವೊಂದರಲ್ಲಿ, ವಾಸದ ಭಾಗದೊಳಗೆ ಸಹನಿವಾಸಿಯ ಒಪ್ಪಿಗೆಯಿಲ್ಲದೆ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತ ಹೈಕೋರ್ಟ್ ನೀಡಿದ ಆದೇಶದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ.

ಸರ್ಕಾರದ ಧೋರಣೆ ಮಾತ್ರ ಒಂದೇ ದಿಕ್ಕಿನದು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯು ಒಮ್ಮೆಗೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಸಂಸ್ಥೆಗಳಿಗೆ ಕ್ಯಾಮೆರಾ ಕಡ್ಡಾಯಗೊಳಿಸಿ, ದೃಶ್ಯಗಳನ್ನು 30 ದಿನ ಕಾಯ್ದಿಡಬೇಕು ಎನ್ನುತ್ತದೆ. ನಿರ್ಭಯಾ ನಿಧಿಯಡಿ ಬೆಂಗಳೂರಿಗೆ ಮಂಜೂರಾದ 667 ಕೋಟಿ ರೂಪಾಯಿಯ ಸುರಕ್ಷಿತ ನಗರ ಯೋಜನೆಯಲ್ಲಿ ಸಾವಿರಾರು ಕ್ಯಾಮೆರಾಗಳು ಬಂದಿವೆ. 2023ರಲ್ಲಿ ಅವುಗಳ ಕಮಾಂಡ್ ಸೆಂಟರ್ ಆರಂಭವಾಯಿತು. ಆದರೆ ಪ್ರತಿ ಪೊಲೀಸ್ ಠಾಣೆಯೊಳಗೆ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದ ಪಾಲನೆ ದೇಶದಲ್ಲಿ ಎಷ್ಟು ಹಿಂದುಳಿದಿದೆ ಎಂದರೆ, 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ತಾನಾಗಿಯೇ ಮತ್ತೆ ಆ ವಿಷಯವನ್ನು ಕೈಗೆತ್ತಿಕೊಳ್ಳಬೇಕಾಯಿತು. ನಾಗರಿಕನ ಮೇಲೆ ಕಣ್ಣಿಡಲು ತೋರುವ ಉತ್ಸಾಹ ಠಾಣೆಯ ಬಾಗಿಲಲ್ಲಿ ನಿಂತುಬಿಡುತ್ತದೆ.

ಸುರಕ್ಷತೆಯ ಪರವಾದವರೂ ಖಾಸಗಿತನದ ಪರವಾದವರೂ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಎದುರಾಳಿಗಳೆಂದೇ ಭಾವಿಸಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ರೆಕಾರ್ಡರ್ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದು, ಕೀಲಿ ಇಬ್ಬರ ಬಳಿ ಮಾತ್ರವಿದ್ದು, ಯಾರು ಯಾವಾಗ ಏಕೆ ನೋಡಿದರು ಎಂಬುದು ಪುಸ್ತಕದಲ್ಲಿ ಬರೆದಿದ್ದರೆ ನಡುರಾತ್ರಿ ಮನೆಗೆ ಬರುವ ಹುಡುಗಿಯ ಮಾನವೂ ಉಳಿಯುತ್ತದೆ, ಪ್ರಕರಣ ನ್ಯಾಯಾಲಯಕ್ಕೆ ಹೋದಾಗ ಸಾಕ್ಷ್ಯವೂ ಉಳಿಯುತ್ತದೆ. ಅಡ್ಡಾದಿಡ್ಡಿ ಹಂಚಿದ ದೃಶ್ಯ ಎರಡನ್ನೂ ಕೆಡಿಸುತ್ತದೆ. ಹೀಗಾಗಿ ಕಳ್ಳನನ್ನು ಹಿಡಿಯಬೇಕೆಂಬ ಹಟವಿರುವವರೇ ಈ ಶಿಸ್ತನ್ನು ಮೊದಲು ಒತ್ತಾಯಿಸಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಂಘದ ಸರ್ವಸದಸ್ಯರ ಸಭೆಯಲ್ಲಿ ಒಂದು ಪುಟದ ನಿರ್ಣಯ ಸಾಕು. ಕ್ಯಾಮೆರಾ ರಸ್ತೆಯನ್ನು ನೋಡಬೇಕು, ಎದುರು ಮನೆಯ ಮಲಗುವ ಕೋಣೆಯ ಕಿಟಕಿಯನ್ನಲ್ಲ. ಈಗಿನ ಉಪಕರಣಗಳಲ್ಲಿ ಆ ಭಾಗವನ್ನಷ್ಟೇ ಕಪ್ಪು ಮಾಡುವ ಸೌಲಭ್ಯವಿದೆ, ಅಳವಡಿಸುವವರನ್ನು ಕೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಧ್ವನಿ ದಾಖಲೆ ಬೇಡ. ಮೂವತ್ತು ದಿನ ಇಟ್ಟು ಅಳಿಸುವುದು, ದೂರು ದಾಖಲಾದ ದಿನದ ದೃಶ್ಯವನ್ನು ಮಾತ್ರ ಕೂಡಲೇ ಪ್ರತ್ಯೇಕಿಸಿಡುವುದು. ಪದಾಧಿಕಾರಿಗಳು ಬದಲಾದಾಗಲೆಲ್ಲ ಪಾಸ್‌ವರ್ಡ್ ಬದಲಾಗಬೇಕು. ಇದರಲ್ಲಿ ನಮ್ಮ ಸಂಘಗಳು ಮೊದಲ ವರ್ಷವೇ ಸೋಲುತ್ತವೆಂಬ ಭಯ ನನಗಿದೆ. ಫಲಕದ ಮೇಲೆ ‘ನೀವು ಕಣ್ಗಾವಲಿನಲ್ಲಿದ್ದೀರಿ’ ಎಂಬ ಬೆದರಿಕೆಯ ಜೊತೆಗೆ ಯಾರನ್ನು ಕೇಳಬೇಕು ಎಂಬ ಹೆಸರೂ ಫೋನ್ ಸಂಖ್ಯೆಯೂ ಇರಲಿ, ಕನ್ನಡದಲ್ಲಿ. ಇಸ್ತ್ರಿ ಗಾಡಿಯವರಿಗೂ ಅದು ಓದಲು ಬರಬೇಕು.

ಪೊಲೀಸರಿಗೆ ದೃಶ್ಯ ಕೊಡುವ ಬಗೆಯನ್ನು ಆ ನಿರ್ಣಯದಲ್ಲಿ ವಿಶೇಷವಾಗಿ ಬರೆದಿಡಬೇಕು. ಮಫ್ತಿಯಲ್ಲಿ ಬಂದವರೊಬ್ಬರು ‘ಒಂದು ಪೆನ್ ಡ್ರೈವಿಗೆ ಹಾಕಿಕೊಡಿ ಸಾರ್, ಅರ್ಜೆಂಟು’ ಎಂದಾಗ ಕಾರ್ಯದರ್ಶಿಗಳು ಪೆಟ್ಟಿಗೆ ತೆರೆದುಬಿಡುವುದೇ ಈಗಿನ ಪದ್ಧತಿ. ಯಾವ ಠಾಣೆ, ಯಾವ ಅಪರಾಧ ಸಂಖ್ಯೆ, ಯಾವ ದಿನದ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗಿನ ದೃಶ್ಯ ಎಂದು ಬರೆದ ಪತ್ರ ಕೇಳಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು ಫೈಲಿನಲ್ಲಿಡುವುದು ಅಗೌರವವಲ್ಲ. 63ನೇ ಕಲಮಿನ ಪ್ರಮಾಣಪತ್ರಕ್ಕೆ ಸಹಿ ಹಾಕಲು ನಾಳೆ ಅದೇ ಪೊಲೀಸರು ಅದೇ ಕಾರ್ಯದರ್ಶಿಯನ್ನು ಹುಡುಕಿಕೊಂಡು ಬರುತ್ತಾರೆ. ಆಗ ಅವರ ಕೈಯಲ್ಲಿ ಆ ಫೈಲು ಇರಬೇಕು.